ಎರಡನೆಯ ಅಕ್ಷರ ಯಾವುದು? ಆ್ಯಪ್ ಕಟ್ಟುವ ಸಾಧನಗಳು ಮತ್ತು ಕನ್ನಡ ಪ್ರಾಸ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತುಗಳ ಬರಹರೂಪ)

ಪದ್ಯದ ಸಾಲು ಹಾಕಿದರೆ ಆದಿಪ್ರಾಸ ತೋರಿಸುವ ಒಂದು ಆ್ಯಪ್ ಬೇಕು ಅಂತ ಇಟ್ಟುಕೊಳ್ಳೋಣ. ಕಾಸರಗೋಡಿನವರಾದ ನಮಗೆ ಇದು ದೂರದ ವಿಷಯ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ಬಿಟ್ಟು ಬರೆಯತೊಡಗಿದರು. ಅವರು ಬಿಟ್ಟದ್ದು ಏನನ್ನು ಅಂತ ವಿದ್ಯಾರ್ಥಿಗೆ ಗೊತ್ತಾಗಬೇಕಾದರೆ ಸಾಲಿನ ಎರಡನೆಯ ಅಕ್ಷರವನ್ನು ಗುರುತಿಸಲು ಬರಬೇಕು. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡಿನಿಂದ ಆ್ಯಪ್ ಮಾಡುವ ಸಾಧನಗಳು ಹಲವು ಉಂಟು. ಮೂರನ್ನು ಮಾತ್ರ ಹೋಲಿಸುತ್ತೇನೆ.

ಅಕ್ಷರ ಬಿಡಿಸುವವರು ಯಾರು?

2015ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್ ನೇಟಿವ್ ಫೋನಿನದ್ದೇ ಪಠ್ಯವ್ಯವಸ್ಥೆಯನ್ನು ಬಳಸುತ್ತದೆ. ಗೂಗಲ್‌ನ ಫ್ಲಟರ್ (ಮೊದಲ ಸ್ಥಿರ ಆವೃತ್ತಿ 2018) ಪರದೆಯನ್ನು ತಾನೇ ಬಿಡಿಸುತ್ತದೆ. ಒತ್ತಕ್ಷರ ಜೋಡಿಸುವ ಹಾರ್ಫ್‌ಬಜ್ ಅದರೊಳಗೇ ಇದೆ. ಕನ್ನಡ ಫಾಂಟನ್ನೂ ಜೊತೆಗೆ ಸೇರಿಸಿದರೆ ಎಲ್ಲ ಫೋನಿನಲ್ಲೂ ಒಂದೇ ರೂಪ, ಆದರೆ ಆ್ಯಪಿನ ಗಾತ್ರ ಹೆಚ್ಚುತ್ತದೆ. ಮೂರನೆಯದು ವೆಬ್ ಆ್ಯಪ್. ಇಲ್ಲಿ ಬಿಡಿಸುವ ಕೆಲಸ ಬ್ರೌಸರಿನದ್ದು.

ತಲುಪಿಸುವುದು ಹೇಗೆ?

ಪ್ಲೇ ಸ್ಟೋರಿಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಆ್ಯಪಲ್‌ಗೆ ವರ್ಷವರ್ಷವೂ 99. ಐಫೋನಿನ ಆ್ಯಪ್ ತಯಾರಿಸಲು ಬೇಕಾದ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ಓಡ್ತದೆ. ವೆಬ್ ಆ್ಯಪಿಗಾದರೆ ಒಂದು ಲಿಂಕ್ ಸಾಕು. ಸರ್ವಿಸ್ ವರ್ಕರ್ ಬರೆದಿಟ್ಟರೆ ಒಮ್ಮೆ ತೆರೆದ ಮೇಲೆ ನೆಟ್ ಇಲ್ಲದಾಗಲೂ ನಡೆಯುತ್ತದೆ.

ಎಣಿಸುವವರು ಯಾರು?

ಮುಖ್ಯ ತೊಡಕು ಇಲ್ಲಿ. ‘ಅಕ್ಷರ’ ಎಂಬ ಪದದಲ್ಲಿ ನಮಗೆ ಕೇಳುವುದು ಮೂರು ಅಕ್ಷರ: ಅ, ಕ್ಷ, ರ. ಯೂನಿಕೋಡ್ ಸಂಕೇತಗಳು ಐದು: ಅ, ಕ, ಹಲಂತ ಚಿಹ್ನೆ, ಷ, ರ. ಫ್ಲಟರ್‌ನವರು ಬಳಸುವ ಡಾರ್ಟ್ ಭಾಷೆಯ ಕ್ಯಾರೆಕ್ಟರ್ಸ್ ಪ್ಯಾಕೇಜಾಗಲಿ, ಬ್ರೌಸರಿನ ಇಂಟ್ಲ್ ಸೆಗ್ಮೆಂಟರ್ ಆಗಲಿ ನಾಲ್ಕು ಅನ್ನುತ್ತವೆ: ಅ, ಕ್, ಷ, ರ. 2023ರ ಯೂನಿಕೋಡ್ 15.1 ಆವೃತ್ತಿ ಸಂಯುಕ್ತಾಕ್ಷರವನ್ನು ಒಡೆಯದಿರುವ ನಿಯಮ ತಂದಿತು. ಅದು ಮಲಯಾಳ, ತೆಲುಗು, ದೇವನಾಗರಿ ಮೊದಲಾದ ಲಿಪಿಗಳಿಗೆ ಅನ್ವಯಿಸಿತು, ಕನ್ನಡಕ್ಕೆ ಅಲ್ಲ.

ಪರಿಣಾಮ ಏನು? ‘ಅಕ್ಷರ’, ‘ಅಕ್ಕರ’ ಎರಡರಲ್ಲೂ ಯಂತ್ರಕ್ಕೆ ಎರಡನೆಯದು ‘ಕ್’. ಅಂದ್ರೆ ‘ಕ್ಷ’ಕ್ಕೆ ‘ಕ್ಕ’ ಪ್ರಾಸ ಅಂತ ಆ್ಯಪ್ ಪಾಠ ಹೇಳಿಬಿಡುತ್ತದೆ! ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ವಿದ್ಯಾರ್ಥಿಗೆ ಸಂಶಯವೂ ಬರುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಒಂದು ಘಟಕ ಹಲಂತದಲ್ಲಿ ಮುಗಿದು ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸಬೇಕು. ಪದದ ಕೊನೆಯಲ್ಲಿ ಉಳಿದ ಅರೆವ್ಯಂಜನವನ್ನು ಹಿಂದಿನ ಅಕ್ಷರಕ್ಕೆ ಸೇರಿಸಬೇಕು, ‘ಕಣ್’ ಎಂಬಲ್ಲಿ ಇದ್ದ ಹಾಗೆ.

ನನ್ನ ಅಭಿಪ್ರಾಯ ಇಷ್ಟು: ತರಗತಿಗೆ ಮೊದಲು ವೆಬ್ ಆ್ಯಪ್ ಸಾಕು. ಅಕ್ಷರ ಬಿಡಿಸುವ ಭಾಗವನ್ನು ಬೇರೆಯೇ ಕಡತದಲ್ಲಿಡಿ, ನಾಳೆ ಫ್ಲಟರ್‌ಗೆ ಹೋದರೂ ಅದರ ತರ್ಕ ಬದಲಾಗದು.

ಪ್ರಶ್ನೆ: ಇದು ಕಂಪ್ಯೂಟರ್ ವಿಭಾಗದವರ ಕೆಲಸ ಅಲ್ವಾ?

ಉತ್ತರ: ಕೋಡ್ ಅವರು ಬರೆಯಲಿ. ಆದರೆ ಪರೀಕ್ಷೆಗೆ ಬೇಕಾದ ಪದಪಟ್ಟಿ, ಅಂದರೆ ಎಲ್ಲಿ ಎಷ್ಟು ಅಕ್ಷರ, ಯಾವುದಕ್ಕೆ ಯಾವುದು ಪ್ರಾಸ ಎಂಬುದು, ನಮ್ಮಿಂದಲೇ ಹೋಗಬೇಕು.