ಜೀಪಿನ ಸ್ಟಿಯರಿಂಗ್ ನಡುಗುವುದೇಕೆ? ಕಾರಣ ಹುಡುಕುವ ಕ್ರಮ

ಗುಡ್ಡದ ಬದಿಯಲ್ಲಿ ತೋಟವಿರುವ ಕೃಷಿಕರಿಗೆ ಜೀಪು ಮನೆಯ ಆಳಿನಂತೆ. ದೇಲಂಪಾಡಿ, ಬಂದಡ್ಕ, ಪಾಣತ್ತೂರು ಕಡೆಯ ಏರುಹಾದಿಗಳಲ್ಲಿ ಗೊಬ್ಬರ ಏರಿಸುವುದಕ್ಕೂ ಅಡಿಕೆ ಇಳಿಸುವುದಕ್ಕೂ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಅದೇ ಬೇಕು. ಇಂತಹ ಜೀಪಿಗೆ ಬರುವ ಕಾಯಿಲೆಗಳಲ್ಲಿ ಹೆಚ್ಚು ಗಾಬರಿ ಹುಟ್ಟಿಸುವುದು ಸ್ಟಿಯರಿಂಗಿನ ನಡುಕ. ಮಣ್ಣಿನ ಹಾದಿಯಲ್ಲಿ ಸರಿಯಾಗಿಯೇ ಬಂದ ಗಾಡಿ ಡಾಮರು ರಸ್ತೆಗೆ ಇಳಿದು ಐವತ್ತು, ಅರುವತ್ತು ಕಿಲೋಮೀಟರಿನ ವೇಗ ಹಿಡಿಯುತ್ತದೆ. ಒಂದು ಸಣ್ಣ ಹೊಂಡ ಸಿಕ್ಕುತ್ತದೆ. ಮರುಕ್ಷಣವೇ ಮುಂದಿನ ಎರಡು ಚಕ್ರಗಳೂ ಎಡಕ್ಕೂ ಬಲಕ್ಕೂ ಬಡಿದಾಡತೊಡಗುತ್ತವೆ. ಸ್ಟಿಯರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಗಾಡಿ ಬಹುಮಟ್ಟಿಗೆ ನಿಲ್ಲುವವರೆಗೂ ನಡುಕ ಬಿಡುವುದಿಲ್ಲ.

ಇದಕ್ಕೆ ಮದ್ದು ಮಾಡಿಸುವಾಗ ನಮ್ಮಲ್ಲಿ ಹಲವರು ಕಾರಣ ಹುಡುಕುವ ಮೊದಲೇ ಸಾಮಾನು ಕೊಳ್ಳುತ್ತಾರೆ. ಇಂದು ಟಯರು, ನಾಳೆ ಟೈ ರಾಡ್, ನಾಡಿದ್ದು ಡ್ಯಾಂಪರ್ ಎಂದು ಹಣ ಹೋದರೂ ನಡುಕ ಉಳಿದಿರುತ್ತದೆ. ಕ್ರಮವಾಗಿ ಪರೀಕ್ಷಿಸಿದರೆ ಕಾರಣ ಸಿಕ್ಕುತ್ತದೆ. ಪರೀಕ್ಷೆಯ ಹೆಚ್ಚಿನ ಭಾಗಕ್ಕೆ ಬೇಕಾದುದು ಇಬ್ಬರು ಜನ, ಒಂದು ಜಾಕ್, ಒಂದು ಟಾರ್ಚು ಮಾತ್ರ.

ನಡುಕ ಬಂದ ಹೊತ್ತಿಗೆ

ಮೊದಲು ಪ್ರಾಣದ ಮಾತು. ನಡುಕ ಆರಂಭವಾದಾಗ ಗಟ್ಟಿಯಾಗಿ ಬ್ರೇಕು ತುಳಿಯಬಾರದು. ವೇಗ ಹೆಚ್ಚಿಸಿ ದಾಟಿಬಿಡುತ್ತೇನೆಂದೂ ನೋಡಬಾರದು. ಎಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ಎರಡು ಕೈಗಳಿಂದ ಬಿಗಿಯಾಗಿ ಹಿಡಿದು, ಬ್ರೇಕನ್ನು ನಿಧಾನವಾಗಿ ಒತ್ತುತ್ತ ರಸ್ತೆಯ ಎಡಬದಿಗೆ ಬರಬೇಕು. ಹೆಬ್ಬೆರಳುಗಳು ಸ್ಟಿಯರಿಂಗಿನ ಕಡ್ಡಿಗಳ ನಡುವೆ ಸಿಕ್ಕದಂತೆ ಹೊರಗೆ ಇರಲಿ. ಒಮ್ಮೆ ಜೋರಾಗಿ ನಡುಗಿದ ಗಾಡಿಯನ್ನು ಮನೆಗೆ ತರುವುದಿದ್ದರೆ ನಿಧಾನವಾಗಿ, ಜನರನ್ನು ತುಂಬಿಸದೆ ತರಬೇಕು. ಏಕೆಂದರೆ ಆ ಬಡಿತದಿಂದಲೇ ಬೇರೆ ಕೀಲುಗಳೂ ಸಡಿಲವಾಗಿರುತ್ತವೆ.

ನಡುಕದ ಮೂಲ

ಹಳೆಯ ಮಾದರಿಯ ಜೀಪಿನಲ್ಲಿ ಮುಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಆಕ್ಸಲ್ ಹೊತ್ತಿರುತ್ತದೆ. ಎತ್ತಿನ ಗಾಡಿಯ ಅಚ್ಚಿನ ಹಾಗೆ, ಒಂದು ಕಡೆ ಎದ್ದರೆ ಇನ್ನೊಂದು ಕಡೆ ಓರೆಯಾಗುತ್ತದೆ. ವೇಗವಾಗಿ ತಿರುಗುತ್ತಿರುವ ಚಕ್ರವನ್ನು ಓರೆ ಮಾಡಿದರೆ ಅದು ಪಕ್ಕಕ್ಕೆ ಹೊರಳಲು ನೋಡುತ್ತದೆ. ಮಕ್ಕಳ ಬುಗುರಿಯಲ್ಲಿ ಇರುವ ಗುಣವೇ ಇದು. ಪಕ್ಕಕ್ಕೆ ಹೊರಳಿದ ಚಕ್ರವನ್ನು ಟಯರು ಮರಳಿ ನೆಟ್ಟಗೆ ತರುತ್ತದೆ. ಆದರೆ ಅದು ನೆಟ್ಟಗೆ ನಿಲ್ಲದೆ ಇನ್ನೊಂದು ಬದಿಗೆ ಹಾಯುತ್ತದೆ. ಹೀಗೆ ಆಕ್ಸಲಿನ ಏರಿಳಿತವೂ ಚಕ್ರಗಳ ಹೊರಳಾಟವೂ ಒಂದನ್ನೊಂದು ಬೆಳೆಸುತ್ತ ಹೋಗುತ್ತವೆ.

1920ರ ದಶಕದಲ್ಲಿ ಕಡಿಮೆ ಗಾಳಿಯ ದಪ್ಪ ಟಯರುಗಳು ಬಂದಾಗ ಪಾಶ್ಚಾತ್ಯ ದೇಶಗಳ ಮೋಟಾರುಗಳಿಗೂ ಇದೇ ಪೀಡೆ ತಗಲಿತ್ತು. ಅಂದಿನ ಒಂದು ಕುಣಿತದ ಹೆಸರನ್ನೇ ಇಟ್ಟು ಅದನ್ನು ‘ಶಿಮ್ಮಿ’ ಎಂದರು. ಫ್ರಾನ್ಸಿನ ಬ್ರೂಲ್ಯೆ ಎಂಬ ಇಂಜಿನಿಯರ್ 1925ರಲ್ಲಿ ಇದರ ಕಾರಣವನ್ನು ಹುಡುಕುತ್ತ, ಪಕ್ಕದ ಒತ್ತಡ ಬಿದ್ದಾಗ ಟಯರು ತಾನು ಮುಖ ಮಾಡಿದ ದಿಕ್ಕಿಗಿಂತ ಸ್ವಲ್ಪ ಓರೆಯಾಗಿ ಉರುಳುತ್ತದೆಂದು ತೋರಿಸಿದನು.

ನಾವು ನೆನಪಿಡಬೇಕಾದ ಮುಖ್ಯ ವಿಷಯವೊಂದಿದೆ. ನಡುಕಕ್ಕೆ ನೂಕುವವನೊಬ್ಬ, ಬಿಡುವವನೊಬ್ಬ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಒಯ್ಯುತ್ತದೆ. ಹೊಂಡ, ತೂಕ ತಪ್ಪಿದ ಟಯರು, ಡೊಂಕಾದ ರಿಮ್ಮು ಇವು ನೂಕುವವು. ಸವೆದ ಕೀಲು, ಸಡಿಲ ಬೇರಿಂಗ್, ಬಿಗಿ ತಪ್ಪಿದ ಬೋಲ್ಟು ಇವು ಬಿಡುವವು. ಟಯರಿನ ದೋಷವನ್ನು ಮಾತ್ರ ತೆಗೆದರೆ ನಡುಕ ಕೆಲವು ದಿನ ಅಡಗುತ್ತದೆ. ಸಡಿಲು ಇರುವವರೆಗೆ ಮುಂದಿನ ಹೊಂಡದಲ್ಲಿ ಮತ್ತೆ ಬರುತ್ತದೆ.

ಯಾವ ಬಗೆಯ ನಡುಕ?

ಹೊಂಡವಿಲ್ಲದ ರಸ್ತೆಯಲ್ಲೂ ಒಂದು ವೇಗದಲ್ಲಿ ಸಣ್ಣಗೆ ನಡುಗಿ, ವೇಗ ಬದಲಾದರೆ ನಿಲ್ಲುವುದಾದರೆ ಟಯರು ಅಥವಾ ರಿಮ್ಮಿನ ಮೇಲೆ ಸಂಶಯಪಡಬೇಕು. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡ್ರಮ್ ಅಥವಾ ಡಿಸ್ಕನ್ನು ನೋಡಬೇಕು. ಹೊಂಡ ದಾಟಿದೊಡನೆ ಹುಟ್ಟಿ, ಗಾಡಿ ನಿಲ್ಲುವ ತನಕ ಬಿಡದ ಜೋರು ನಡುಕವೇ ನಾವು ಹೇಳುತ್ತಿರುವ ಶಿಮ್ಮಿ.

ಹಳೆಯ ವಿಲ್ಲೀಸ್ ಮಾದರಿಯ ಜೀಪು, ಮಾರುತಿ ಜಿಪ್ಸಿ, 2023ರಲ್ಲಿ ಬಂದ ಜಿಮ್ನಿ ಇವೆಲ್ಲ ಮುಂದೆ ಗಟ್ಟಿ ಆಕ್ಸಲ್ ಇರುವ ಗಾಡಿಗಳು. 2020ರಲ್ಲಿ ಬಂದ ಹೊಸ ಥಾರಿನ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ. ಅಂತಹ ಗಾಡಿ ನಡುಗಿದರೆ ಹುಡುಕುವ ಕ್ರಮವೂ ಬೇರೆ.

ಪರೀಕ್ಷೆಯ ಕ್ರಮ

1. ಟಯರು ಮತ್ತು ರಿಮ್ಮು: ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿ ಒಣಗುತ್ತದೆ. ಲೆಕ್ಕ ಹಾಕಿ ನೋಡೋಣ. ಹದಿನಾರು ಇಂಚಿನ ರಿಮ್ಮಿನ ಜೀಪು ಟಯರು ಒಂದು ಸುತ್ತಿಗೆ ಸುಮಾರು ಎರಡೂಕಾಲು ಮೀಟರು ಉರುಳುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಏಳು ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಆಗ ರಿಮ್ಮಿನ ಒಂದೇ ಕಡೆ ಮೆತ್ತಿದ 100 ಗ್ರಾಂ ಮಣ್ಣು ಸುಮಾರು 4 ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಸುತ್ತಿಸುತ್ತಿಗೂ ಎಳೆಯುತ್ತದೆ. ಆದುದರಿಂದ ಎಲ್ಲಕ್ಕಿಂತ ಮೊದಲು ರಿಮ್ಮುಗಳ ಒಳಭಾಗವನ್ನು ತೊಳೆಯಬೇಕು. ಅನಂತರ ಎರಡು ಮುಂದಿನ ಟಯರುಗಳ ಗಾಳಿ ಸಮನಾಗಿದೆಯೇ, ಟಯರು ಎಲ್ಲಾದರೂ ಉಬ್ಬಿದೆಯೇ, ಅಲ್ಲಲ್ಲಿ ಗುಂಡಿ ಬಿದ್ದಂತೆ ಸವೆದಿದೆಯೇ, ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಬೇಕು. ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದಾಗ ನಡುಕದ ಬಗೆ ಬದಲಾದರೆ ಟಯರಿನ ಪಾಲು ಇದೆಯೆಂದು ತಿಳಿಯಬೇಕು.

2. ಇಬ್ಬರ ಪರೀಕ್ಷೆ: ಇದಕ್ಕೆ ಕಾಸು ಖರ್ಚಿಲ್ಲ, ಪ್ರಯೋಜನ ಮಾತ್ರ ಎಲ್ಲಕ್ಕಿಂತ ಹೆಚ್ಚು. ಗಾಡಿ ಸಮನೆಲದಲ್ಲಿ ತನ್ನ ಚಕ್ರಗಳ ಮೇಲೆಯೇ ನಿಂತಿರಲಿ. ಒಬ್ಬರು ಸ್ಟಿಯರಿಂಗನ್ನು ನಾಲ್ಕೈದು ಇಂಚು ಎಡಕ್ಕೂ ಬಲಕ್ಕೂ ಆಡಿಸುತ್ತಿರಬೇಕು. ಇನ್ನೊಬ್ಬರು ಸ್ಟಿಯರಿಂಗ್ ಬಾಕ್ಸಿನಿಂದ ಆರಂಭಿಸಿ ಚಕ್ರದವರೆಗೆ ಒಂದೊಂದೇ ಕೀಲನ್ನು ನೋಡುತ್ತ ಬರಬೇಕು. ಕೀಲಿನ ಎರಡು ಭಾಗಗಳಿಗೂ ತಾಗುವಂತೆ ಬೆರಳಿಟ್ಟರೆ, ಒಂದು ಅಲುಗಿ ಇನ್ನೊಂದು ಸುಮ್ಮನಿರುವುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟು, ಡ್ರ್ಯಾಗ್ ಲಿಂಕ್, ಟೈ ರಾಡಿನ ತುದಿಗಳು ಇವನ್ನೆಲ್ಲ ನೋಡಬೇಕು. ಹಳೆಯ ವಿಲ್ಲೀಸ್ ಮಾದರಿಯಲ್ಲಿ ನಡುವೆ ಬೆಲ್ ಕ್ರ್ಯಾಂಕ್ ಎಂಬ ಕೀಲೊಂದಿದೆ. ಅದು ಬೇಗ ಸವೆಯುವುದರಿಂದ ವಿಶೇಷವಾಗಿ ಗಮನಿಸಬೇಕು. ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಆಕ್ಸಲ್ ಪಕ್ಕಕ್ಕೆ ಜಾರದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಇರುತ್ತದೆ. ಅದರ ಬೋಲ್ಟಿನ ತೂತು ಕೂದಲೆಳೆಯಷ್ಟು ಅಗಲವಾದರೂ ನಡುಕಕ್ಕೆ ಸಾಕು.

3. ಚಕ್ರದ ಬೇರಿಂಗ್ ಮತ್ತು ಕಿಂಗ್ ಪಿನ್: ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ಹೋಗಬಾರದು. ಚಕ್ರದ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಕೈಯಿಟ್ಟು ಅಲ್ಲಾಡಿಸಿ. ಅಲುಗಿದರೆ, ಇನ್ನೊಬ್ಬರು ಬ್ರೇಕು ಒತ್ತಿ ಹಿಡಿದಿರುವಾಗ ಮತ್ತೆ ಅಲ್ಲಾಡಿಸಿ. ಆಗ ಅಲುಗಾಟ ನಿಂತುಹೋದರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ನಿಲ್ಲದಿದ್ದರೆ ಕಿಂಗ್ ಪಿನ್ನಿನಲ್ಲಿದೆ.

ಕಿಂಗ್ ಪಿನ್ನಿನ ಬೇರಿಂಗ್ ಪೂರ್ತಿ ಸುತ್ತುವ ಬೇರಿಂಗಲ್ಲ. ನೇರ ಹಾದಿಯಲ್ಲಿ ಅದರ ರೋಲರುಗಳು ಒಂದೇ ಜಾಗದಲ್ಲಿ ಪೆಟ್ಟು ತಿನ್ನುತ್ತ ಕಾಲಕ್ರಮದಲ್ಲಿ ಅಲ್ಲೇ ತಗ್ಗು ಮಾಡುತ್ತವೆ. ತೋಡು ದಾಟುವ ಗಾಡಿಯಲ್ಲಿ ನೀರು ಹೊಕ್ಕು ಗ್ರೀಸು ಕೆಟ್ಟರೆ ಇದು ಇನ್ನೂ ಬೇಗ. ಆಗ ಚಕ್ರವನ್ನು ಹಿಡಿದಿಡುವ ಬಿಗಿ ಹೋಗುತ್ತದೆ. ಮುಚ್ಚಳದ ಕೆಳಗಿನ ತೆಳು ತಗಡುಗಳನ್ನು ತೆಗೆದು ಬಿಗಿಯನ್ನು ಸರಿಪಡಿಸಬಹುದು. ತಗ್ಗು ಬಿದ್ದ ಬೇರಿಂಗನ್ನು ಮಾತ್ರ ಬದಲಾಯಿಸಲೇಬೇಕು. ಇದು ಅನುಭವವುಳ್ಳ ಮೆಕ್ಯಾನಿಕ್ ಮಾಡಬೇಕಾದ ಕೆಲಸ.

4. ಪ್ಲೇಟ್ ಸ್ಪ್ರಿಂಗ್: ಆಕ್ಸಲನ್ನು ಹಿಡಿಯುವ ಯೂ ಬೋಲ್ಟುಗಳು, ಶ್ಯಾಕಲಿನ ಬುಷ್ಷುಗಳು, ಮುರಿದ ಪ್ಲೇಟು ಇವನ್ನು ನೋಡಬೇಕು. ಯೂ ಬೋಲ್ಟಿನ ಬಳಿ ಕೆಂಪು ತುಕ್ಕಿನ ಹುಡಿ ಕಂಡರೆ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆಯೆಂದು ಸಂಶಯಪಡಬಹುದು.

5. ಚಕ್ರಗಳ ಓರೆ: ಕಿಂಗ್ ಪಿನ್ನಿನ ಮೇಲುತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ವಿಲ್ಲೀಸ್ ಜೀಪಿಗೆ ಇದು 3 ಡಿಗ್ರಿ. ಗಾಡಿಯನ್ನು ಎತ್ತರಿಸಿ ದೊಡ್ಡ ಟಯರು ಹಾಕಿದವರಲ್ಲಿ ಈ ಓರೆ ಕೆಡುತ್ತದೆ. ಚಕ್ರದ ಭಾರವೂ ಹೆಚ್ಚುತ್ತದೆ. ಹಿಂದೆ ಅಳತೆ ಮೀರಿ ಗೊಬ್ಬರದ ಚೀಲ ಹೇರಿದಾಗಲೂ ಮೂತಿ ಮೇಲಕ್ಕೆದ್ದು ಓರೆ ಬದಲಾಗುತ್ತದೆ.

ಎರಡು ಚಕ್ರಗಳ ಮುಂದಿನ ಅಂತರ ಹಿಂದಿನ ಅಂತರಕ್ಕಿಂತ ತುಸು ಕಡಿಮೆಯಿರಬೇಕು. ವಿಲ್ಲೀಸ್ ಜೀಪಿನಲ್ಲಿ ಈ ವ್ಯತ್ಯಾಸ ಒಂದರಿಂದ ಎರಡೂವರೆ ಮಿಲಿಮೀಟರಿನೊಳಗೆ. ಇದನ್ನು ಅಂಗಳದಲ್ಲೇ ಅಳೆಯಬಹುದು. ಎರಡು ಟಯರುಗಳ ಮುಂಬದಿಯಲ್ಲಿ, ಚಕ್ರದ ನಡುವಿನ ಎತ್ತರಕ್ಕೆ, ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆಯಿರಿ. ಗಾಡಿಯನ್ನು ಅರ್ಧ ಸುತ್ತು ಮುಂದೆ ನೂಕಿ, ಅದೇ ಗುರುತುಗಳು ಹಿಂಬದಿಗೆ ಬಂದಾಗ ಮತ್ತೆ ಅಳೆಯಿರಿ. ಬೇರೆ ಗಾಡಿಗಳಿಗೆ ಅವುಗಳ ಕೈಪಿಡಿಯಲ್ಲಿ ಕೊಟ್ಟ ಅಳತೆಯನ್ನೇ ಅನುಸರಿಸಬೇಕು. ಕೀಲುಗಳ ಸಡಿಲನ್ನು ತೆಗೆಯುವ ಮೊದಲು ಈ ಅಳತೆ ಸರಿಪಡಿಸಿ ಫಲವಿಲ್ಲ. ಸಡಿಲ ಕೀಲಿನಲ್ಲಿ ಅಳತೆ ನಿಲ್ಲುವುದಿಲ್ಲ.

ಡ್ಯಾಂಪರ್ ಬಗ್ಗೆ ಒಂದು ಮಾತು

ಟೈ ರಾಡಿಗೆ ಶಾಕ್ ಅಬ್ಸಾರ್ಬರಿನಂತಹ ಡ್ಯಾಂಪರ್ ಹಾಕಿದರೆ ನಡುಕ ಕಡಿಮೆಯಾಗುವುದು ನಿಜ. ಜ್ವರದ ಮಾತ್ರೆ ನುಂಗಿದರೆ ಮೈ ತಣ್ಣಗಾಗುವಂತೆ ಅದು. ಒಳಗಿನ ರೋಗ ಹಾಗೆಯೇ ಇರುತ್ತದೆ. ಡ್ಯಾಂಪರಿನ ಹಿಂದೆ ಅಡಗಿದ ಕೀಲು ಸವೆಯುತ್ತಲೇ ಹೋಗಿ, ಕೊನೆಗೆ ಇಳಿಜಾರಿನಲ್ಲಿ ಕಳಚಿಕೊಂಡರೆ ಸ್ಟಿಯರಿಂಗ್ ತಿರುಗಿಸಿದರೂ ಚಕ್ರ ತಿರುಗದು. ಗಾಡಿಯೊಂದಿಗೇ ಬಂದ ಡ್ಯಾಂಪರ್ ಎಣ್ಣೆ ಸೋರಿ ಕೆಟ್ಟಿದ್ದರೆ ಬದಲಾಯಿಸಬೇಕು. ಇಲ್ಲದ ಗಾಡಿಗೆ ಹಾಕಿಸುವುದಿದ್ದರೆ ಮೇಲಿನ ಐದು ಪರೀಕ್ಷೆಗಳೂ ಮುಗಿದ ಮೇಲೆಯೇ ಹಾಕಿಸಬೇಕು.

ಗ್ಯಾರೇಜಿಗೆ ಹೋಗುವಾಗ

ಎಷ್ಟು ವೇಗದಲ್ಲಿ ನಡುಕ ಬಂತು, ಹೊಂಡ ಸಿಕ್ಕಿತ್ತೇ, ಬ್ರೇಕು ಒತ್ತಿತ್ತೇ, ಭಾರವಿತ್ತೇ, ಯಾವ ಕೀಲಿನಲ್ಲಿ ಸಡಿಲು ಕಂಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಗ್ಯಾರೇಜಿನವರ ಮಾತು ಮಲಯಾಳವಾಗಲಿ, ತುಳುವಾಗಲಿ, ಬಿಡಿಭಾಗಗಳ ಹೆಸರು ಎಲ್ಲ ಕಡೆಯೂ ಒಂದೇ. ನಮ್ಮ ಮಾತು ಅವರಿಗೆ ತಿಳಿಯದೆ ಹೋಗುವುದಿಲ್ಲ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ನೋಡಬೇಕು. ಟೈ ರಾಡಿನ ನಟ್ಟುಗಳಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದ್ದಾರೆಯೇ ಎಂದು ಕಣ್ಣಾರೆ ಕಂಡೇ ಹೊರಡಬೇಕು.

ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ, ಕೀಲುಗಳಿಗೆ ಗ್ರೀಸು ಹೊಡೆಸಿ ಇಬ್ಬರ ಪರೀಕ್ಷೆಯನ್ನು ಮಾಡಿಕೊಂಡರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಶಾಲೆಯ ಮಕ್ಕಳನ್ನು ಒಯ್ಯುವ ಜೀಪಿನವರು ಇದನ್ನು ತಿಂಗಳಿಗೊಮ್ಮೆ ಮಾಡುವುದು ಒಳ್ಳೆಯದು.