ಸ್ಟೀರಿಯೊ ಮಿಕ್ಸ್ ಎಲ್ಲಿ ಹೋಯ್ತು?

ಕಂಪ್ಯೂಟರಿನೊಳಗೆ ನುಡಿಯುವ ಸದ್ದನ್ನು ಮೈಕ್, ವೈರಿನ ಹಂಗಿಲ್ಲದೆ ರೆಕಾರ್ಡ್ ಮಾಡಿಕೊಡುತ್ತಿದ್ದದ್ದು ‘ಸ್ಟೀರಿಯೊ ಮಿಕ್ಸ್’. ಕೀಬೋರ್ಡ್ ಸಾಫ್ಟ್‌ವೇರಿನಲ್ಲಿ ನುಡಿಸಿದ ರಾಗ ಹಾಗೇ ಫೈಲ್ ಆಗುತ್ತಿತ್ತು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದ ಮೇಲೆ ಅದು ಮರೆಗೆ ಸರಿಯಿತು. ಕೆಲವು ಲ್ಯಾಪ್‌ಟಾಪ್ ಕಂಪನಿಗಳಂತೂ ಡ್ರೈವರ್‌ನಲ್ಲೇ ಕತ್ತರಿ ಹಾಕಿದವು. ಚಿಪ್‌ಗೆ ಶಕ್ತಿ ಇತ್ತು, ಬಳಸಲು ಬಿಡಲಿಲ್ಲ ಅಷ್ಟೇ! ಹಾಡುಗಳ ಕಳ್ಳನಕಲಿನ ಭಯವೇ ಕಾರಣವೆಂದು ಬಳಕೆದಾರರು ಶಂಕಿಸಿದರು. ಅಲ್ಲಾ, ಸ್ವಂತ ರಾಗ ನುಡಿಸುವವರೂ ಕಳ್ಳರೇ?

ಆಮೇಲೆ ಲೈನ್-ಇನ್ ಕಿಂಡಿಯೂ ಮಾಯ. ಉಳಿದದ್ದು ಹೆಡ್‌ಸೆಟ್‌ನ ಒಂದೇ ತೂತು, ಅದರ ಮೈಕ್ ಸಾಮಾನ್ಯವಾಗಿ ಮೊನೊ. ಗಿಟಾರ್ ಜೋಡಿಸಲು ಯುಎಸ್‌ಬಿ ಇಂಟರ್‌ಫೇಸ್ ಬೇಕು. ಅದಕ್ಕೆ ಸಾವಿರಾರು ರೂಪಾಯಿ. ಹಾಸ್ಟೆಲ್‌ನವರಿಗೆ ಅದು ಮೆಸ್ ಬಿಲ್ಲಿನ ದುಡ್ಡು.

ನಿಮ್ಮ ಲ್ಯಾಪ್‌ಟಾಪಿನ ರೆಕಾರ್ಡಿಂಗ್ ಪಟ್ಟಿಯಲ್ಲಿ ಬಲಕ್ಲಿಕ್ ಮಾಡಿ, ‘ಶೋ ಡಿಸೇಬಲ್ಡ್ ಡಿವೈಸಸ್’ ಒತ್ತಿ ನೋಡಿ, ಅಡಗಿ ಕೂತಿರಲೂಬಹುದು. ಇಲ್ಲದಿದ್ದರೆ ಉಚಿತ ‘ಅಡಾಸಿಟಿ’ಯಲ್ಲಿ ‘ವಾಸಪಿ’ ಆಯ್ದು, ಲೂಪ್‌ಬ್ಯಾಕ್ ಆರಿಸಿದರೆ ಒಳಗಿನ ಸದ್ದು ಸಿಗುತ್ತದೆ.