ಊರು ಬಿಟ್ಟು ಹೊರಡುವ ಮಕ್ಕಳಿಗೆ ಜೀವನ ಕೌಶಲಗಳು

ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಹೊಸಕೋಟೆ ಕಡೆಯ ಗ್ರಾಮಗಳಲ್ಲಿ ವಾಸಿಸುವ ದಂಪತಿಗಳಿಗೆ ಬೆಂಗಳೂರಿನ ಪೂರ್ವಭಾಗವು ಅಪರಿಚಿತವಾದ ಪ್ರದೇಶವಲ್ಲ. ರೈಲಿನಲ್ಲಿ ಬಂದರೂ ಬಸ್ಸಿನಲ್ಲಿ ಬಂದರೂ ಅವರಿಗೆ ಕೃಷ್ಣರಾಜಪುರವೇ ನಗರದ ಹೆಬ್ಬಾಗಿಲು. ಅಲ್ಲಿಂದ ಮುಂದೆ ಇಂದಿರಾನಗರ, ಹಲಸೂರು, ದಂಡು ಪ್ರದೇಶ, ಶಿವಾಜಿನಗರ. ನಿಮ್ಮ ಮಗನೋ ಮಗಳೋ ಈಗ ಪ್ರೌಢಶಾಲೆಯಲ್ಲಿದ್ದರೆ, ಇನ್ನು ಕೆಲವೇ ವರ್ಷಗಳಲ್ಲಿ ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಈ ದಾರಿಯನ್ನೇ ಹಿಡಿಯುವ ಸಂಭವವಿದೆ. ಆ ದಿನಕ್ಕಾಗಿ ನೀವು ಬಟ್ಟೆಬರೆ ಹೊಂದಿಸುವಿರಿ, ಹಣ ಕೂಡಿಡುವಿರಿ. ಅದರೊಂದಿಗೆ ಮಕ್ಕಳಿಗೆ ಇನ್ನೇನನ್ನು ಕಲಿಸಿ ಕಳುಹಿಸಬೇಕು ಎಂಬುದೇ ಈ ಲೇಖನದ ವಿಷಯ.

ಹಿಂದಿನ ತಲೆಮಾರಿನ ತರುಣರು ಸಹ ಇದೇ ದಾರಿಯಲ್ಲಿ ಬಂದವರು. ಆದರೆ ಅವರು ಬಂದು ಸೇರಿದ ಸ್ಥಳಗಳು ಬೇರೆಯಾಗಿದ್ದವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆ, ಅನಂತರ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಪ್ರಾರಂಭವಾದವು. ಇಂತಹ ಕಾರ್ಖಾನೆಯನ್ನು ಸೇರಿದ ಹಳ್ಳಿಯ ಹುಡುಗನಿಗೆ ಕೆಲಸ ಕಲಿಸಲು ಮೇಸ್ತ್ರಿಯಿದ್ದನು, ನ್ಯಾಯ ಕೇಳಲು ಕಾರ್ಮಿಕ ಸಂಘವಿತ್ತು. ದೂರವಾಣಿನಗರದಲ್ಲಂತೂ ವಸತಿ, ಶಾಲೆ, ಆಸ್ಪತ್ರೆ ಎಲ್ಲವೂ ಒಂದೇ ಆವರಣದಲ್ಲಿದ್ದವು. ನಗರದಲ್ಲಿ ಬಾಳುವ ರೀತಿಯನ್ನು ಆ ಬಡಾವಣೆಯೇ ಅವನಿಗೆ ಕಲಿಸಿತು. ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು, ಐ.ಟಿ.ಐ.ಯು ತೀರ ಕುಗ್ಗಿತು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳೂ ಮುಚ್ಚಿದವು. ಅಂದಿನಿಂದ ಕೆ.ಜಿ.ಎಫ್.ನ ಸಾವಿರಾರು ಮಂದಿ ಪ್ರತಿದಿನವೂ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಿದ್ದಾರೆ. ಇಂದು ನಗರಕ್ಕೆ ಬರುವ ತರುಣನಿಗೆ ದೊರೆಯುವುದು ಬಹುಮಟ್ಟಿಗೆ ಗುತ್ತಿಗೆದಾರನ ಕೈಕೆಳಗಿನ ಕೆಲಸ, ಅಂಗಡಿಯ ಕೆಲಸ, ಮನೆಮನೆಗೆ ಸಾಮಾನು ತಲಪಿಸುವ ಕೆಲಸ. ಅಲ್ಲಿ ಅವನ ಯೋಗಕ್ಷೇಮ ವಿಚಾರಿಸುವ ಹಿರಿಯರಿಲ್ಲ. ಆದುದರಿಂದ ಹಿಂದೆ ಕಾರ್ಖಾನೆಯ ಬಡಾವಣೆಯು ಕಲಿಸುತ್ತಿದ್ದುದನ್ನು ಈಗ ಮನೆಯೇ ಮೊದಲು ಕಲಿಸಬೇಕಾಗಿದೆ.

ಶಾಲೆಯ ಪಾಲು, ಮನೆಯ ಪಾಲು

ದಿನನಿತ್ಯದ ಬದುಕಿನ ಬೇಡಿಕೆಗಳನ್ನೂ ಸವಾಲುಗಳನ್ನೂ ಧೈರ್ಯದಿಂದ ಎದುರಿಸಿ ನಡೆಯುವ ಸಾಮರ್ಥ್ಯಕ್ಕೆ ಜೀವನ ಕೌಶಲವೆಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಇಂತಹ ಹತ್ತು ಕೌಶಲಗಳನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ತಿಳಿಯುವುದು, ವಿಚಾರಮಾಡಿ ನಿರ್ಧರಿಸುವುದು, ತೊಡಕನ್ನು ಬಿಡಿಸಿಕೊಳ್ಳುವುದು, ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳುವುದು, ಕೋಪ ದುಃಖಗಳನ್ನು ನಿಭಾಯಿಸುವುದು ಮುಂತಾದವು ಇವುಗಳಲ್ಲಿ ಸೇರಿವೆ. ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇವಾವುವೂ ಉಪದೇಶದಿಂದ ಬರುವುದಿಲ್ಲ, ಮಾಡಿ ಕಲಿಯುವುದರಿಂದ ಬರುತ್ತವೆ ಎಂಬುದನ್ನು ಮಾತ್ರ ತಿಳಿದಿದ್ದರೆ ಸಾಕು.

ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಪ್ರೌಢಶಾಲೆಯ ಮಕ್ಕಳಿಗಾಗಿ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿದರು. ಶಿಕ್ಷಕರು ಭಾಷಣ ಮಾಡದೆ, ಚರ್ಚೆ, ಅಭಿನಯ, ಚಟುವಟಿಕೆಗಳ ಮೂಲಕ ಇದನ್ನು ನಡೆಸಿದರು. ಒಂದು ವರ್ಷದ ನಂತರ, ಈ ಶಿಕ್ಷಣ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿ ನೋಡಲಾಯಿತು. ಇದರ ವರದಿಯು 2010ರಲ್ಲಿ ಪ್ರಕಟವಾಯಿತು. ಶಿಕ್ಷಣ ಪಡೆದವರಲ್ಲಿ ಆತ್ಮಗೌರವವೂ ಕಷ್ಟವನ್ನು ಎದುರಿಸಬಲ್ಲೆನೆಂಬ ನಂಬಿಕೆಯೂ ಹೆಚ್ಚಾಗಿದ್ದವು. ಶಾಲೆಯಲ್ಲಿ, ಶಿಕ್ಷಕರೊಂದಿಗೆ ಅವರ ಹೊಂದಾಣಿಕೆಯು ಉತ್ತಮವಾಗಿತ್ತು. ಆದರೆ ಮನೆಯೊಳಗಿನ ಹೊಂದಾಣಿಕೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. ತಂದೆತಾಯಿಯರು ಗಮನಿಸಬೇಕಾದ ಸಂಗತಿ ಇದೇ. ಶಾಲೆಯು ಎಷ್ಟೇ ಚೆನ್ನಾಗಿ ಕಲಿಸಿದರೂ ಅದರ ಫಲವು ಮನೆಯ ಹೊಸ್ತಿಲನ್ನು ತಾನಾಗಿ ದಾಟಿ ಒಳಗೆ ಬರುವುದಿಲ್ಲ.

ಹಾಗಾದರೆ ಮನೆಯಲ್ಲಿ ಮಗುವು ಏನನ್ನು ನೋಡುತ್ತದೆ? ಕೊಳವೆಬಾವಿ ಕೊರೆಸಲು ಸಾಲ ಮಾಡಬೇಕೆ ಎಂಬ ಪ್ರಶ್ನೆ ಬಂದಿದೆಯೆನ್ನಿ. ನಮ್ಮ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗುವ ಭರವಸೆಯಿಲ್ಲ. ಗಂಡನು ಹೆಂಡತಿಯನ್ನು ಒಂದು ಮಾತೂ ಕೇಳದೆ ಸಾಲಪತ್ರಕ್ಕೆ ರುಜು ಹಾಕಿದರೆ, ನಿರ್ಧಾರವೆಂದರೆ ಒಬ್ಬರ ಗಟ್ಟಿ ದನಿ ಎಂದು ಮಗುವು ಕಲಿಯುತ್ತದೆ. ಅದರ ಬದಲು ಇಬ್ಬರೂ ಕುಳಿತು ಬಡ್ಡಿಯೆಷ್ಟು, ಬಾವಿ ಬತ್ತಿದರೆ ಏನು ಗತಿ, ಟೊಮೇಟೊ ಬೆಲೆ ಬಿದ್ದರೆ ಕಂತು ಕಟ್ಟುವುದು ಹೇಗೆ ಎಂದು ಮಕ್ಕಳ ಎದುರಿನಲ್ಲಿಯೇ ವಿಚಾರ ಮಾಡಿರಿ. ಹದಿನೈದು ವರ್ಷದ ಮಗಳನ್ನು, “ನಿನಗೇನನ್ನಿಸುತ್ತದಮ್ಮ?” ಎಂದು ಕೇಳಿರಿ. ಅವಳ ಮಾತಿನಂತೆಯೇ ನಡೆಯಬೇಕೆಂದಿಲ್ಲ. ನಡೆಯದಿದ್ದರೆ ಅದಕ್ಕೆ ಕಾರಣವನ್ನು ಹೇಳಿರಿ.

ಒಂದು ದಿನದ ಪ್ರಯಾಣ

ಮಕ್ಕಳನ್ನು ನಗರಕ್ಕೆ ಕಳುಹಿಸುವ ಮೊದಲು ಒಮ್ಮೆ ಅವರ ಜೊತೆಯಲ್ಲಿ ಹೋಗಿಬರುವುದು ವಾಡಿಕೆ. ಆದರೆ ಆ ಪ್ರಯಾಣದಲ್ಲಿ ತಂದೆಯೇ ಮುಂದೆ ನಡೆದು ಟಿಕೆಟು ಪಡೆಯುತ್ತಾನೆ, ತಂದೆಯೇ ದಾರಿ ಕೇಳುತ್ತಾನೆ, ಮಗುವು ಚೀಲ ಹಿಡಿದು ಹಿಂದೆ ಬರುತ್ತದೆ. ಇದನ್ನು ತಿರುಗುಮುರುಗು ಮಾಡಿರಿ. ಹಣವನ್ನು ಮಗುವಿನ ಕೈಗೆ ಕೊಟ್ಟು, ಚೀಲವನ್ನು ನೀವು ಹಿಡಿದುಕೊಂಡು, ಹಿಂದೆ ನಡೆಯಿರಿ.

ಬಂಗಾರಪೇಟೆಯಲ್ಲಿಯೋ ಮಾಲೂರಿನಲ್ಲಿಯೋ ರೈಲಿನ ಟಿಕೆಟನ್ನು ಮಗುವೇ ಕೊಳ್ಳಲಿ. ಕೃಷ್ಣರಾಜಪುರದಲ್ಲಿ ಇಳಿದು ಮೆಟ್ರೋ ನಿಲ್ದಾಣಕ್ಕೆ ಹೋಗುವ ದಾರಿಯನ್ನು ಫಲಕ ಓದಿ ಹುಡುಕಲಿ. 2023ರ ಅಕ್ಟೋಬರಿನಿಂದ ಅಲ್ಲಿಂದ ಬೈಯಪ್ಪನಹಳ್ಳಿಯ ಮೂಲಕ ಇಂದಿರಾನಗರಕ್ಕೂ ಹಲಸೂರಿಗೂ ನೇರವಾಗಿ ಮೆಟ್ರೋ ಇದೆ. ಯಾವ ಬದಿಯ ಗಾಡಿಯನ್ನು ಹತ್ತಬೇಕೆಂದು ಅದೇ ನಿರ್ಧರಿಸಲಿ. ತಪ್ಪು ಬದಿಗೆ ಹತ್ತಿ ವೈಟ್‌ಫೀಲ್ಡ್ ಕಡೆಗೆ ಹೋದರೆ ಅರ್ಧ ಗಂಟೆ ನಷ್ಟವಾದೀತು, ಅಷ್ಟೆ. ಆಗ ನೀವು ಬಾಯಿ ಬಿಡದಿರುವುದೇ ಈ ಪಾಠದ ಅತ್ಯಂತ ಕಠಿಣವಾದ ಭಾಗವಾಗಿದೆ. ತಪ್ಪನ್ನು ಮಗುವೇ ಕಂಡುಹಿಡಿದು, ಇಳಿದು, ಯಾರನ್ನಾದರೂ ಕೇಳಿ, ಮರಳಿ ಬರಲಿ.

ಹಲಸೂರಿನಲ್ಲಿ ಇಳಿದು ಸಿಟಿ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋಗಿರಿ. ರಸೆಲ್ ಮಾರುಕಟ್ಟೆಯಲ್ಲಿ ಇನ್ನೂರು ರೂಪಾಯಿಗಳಿಗೆ ಮನೆಗೆ ಬೇಕಾದ ಹಣ್ಣನ್ನು ಕೊಳ್ಳುವ ಕೆಲಸವನ್ನು ಮಗುವಿಗೇ ವಹಿಸಿರಿ. ಹಲಸೂರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ಉರ್ದು ಹೆಚ್ಚಾಗಿ ಕಿವಿಗೆ ಬೀಳುತ್ತವೆ. ಕನ್ನಡದ ಜೊತೆಗೆ ತೆಲುಗನ್ನೂ ಆಡುತ್ತ ಬೆಳೆದ ಗಡಿಭಾಗದ ಮಕ್ಕಳಿಗೆ ಪರಭಾಷೆಯ ಭಯವು ಅಷ್ಟಾಗಿ ಇರುವುದಿಲ್ಲ. ಈ ಸಂಪತ್ತನ್ನು ನಾವು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ!

ಅಂದೇ ಅಲ್ಲಿನ ಬೌರಿಂಗ್ ಆಸ್ಪತ್ರೆಯನ್ನು ತೋರಿಸಿರಿ. ಇಂದಿರಾನಗರದ ಸರ್ ಸಿ. ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಮತ್ತು ಕೃಷ್ಣರಾಜಪುರದ ಸರ್ಕಾರಿ ಆಸ್ಪತ್ರೆ ಇರುವ ಸ್ಥಳಗಳೂ ಮಗುವಿಗೆ ತಿಳಿದಿರಲಿ. ಬಾಡಿಗೆ ಕೋಣೆಯಲ್ಲಿ ಜ್ವರದಿಂದ ಮಲಗಿದವನಿಗೆ ಈ ತಿಳಿವಳಿಕೆಯು ಬಹಳ ಉಪಕಾರಿ.

ಸಂಬಳ ಮತ್ತು ಅನ್ನ

ಹಾಲಿನ ಡೈರಿಯ ಲೆಕ್ಕವನ್ನು ಇಂದಿನಿಂದಲೇ ಮಗುವಿಗೆ ವಹಿಸಿರಿ. ಎಷ್ಟು ಲೀಟರು ಹಾಕಿದೆವು, ದರವೆಷ್ಟು, ಹಿಂಡಿಗೆ ಎಷ್ಟು ಮುರಿದುಕೊಂಡರು ಎಂದು ಬರೆಯಬಲ್ಲ ಮಗುವು ಮುಂದೆ ಸಂಬಳದ ಚೀಟಿಯನ್ನೂ ಓದಬಲ್ಲದು. ಉದಾಹರಣೆಗೆ, ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 12,000 ರೂಪಾಯಿ ಇದ್ದರೆ, ಸಾಮಾನ್ಯವಾಗಿ ಭವಿಷ್ಯನಿಧಿಗೆ ನೂರಕ್ಕೆ 12ರಂತೆ 1,440 ರೂಪಾಯಿ, ಇ.ಎಸ್.ಐ.ಗೆ ನೂರಕ್ಕೆ ಮುಕ್ಕಾಲರಂತೆ 90 ರೂಪಾಯಿ ಕಳೆದು 10,470 ರೂಪಾಯಿ ಕೈಗೆ ಬರಬೇಕು. ಹಣ ಮುರಿದುಕೊಂಡ ಮೇಲೆ ಅದರ ಸಂಖ್ಯೆಯನ್ನೂ ಚೀಟಿಯನ್ನೂ ಕೇಳಿ ಪಡೆಯುವುದು ಕೆಲಸಗಾರನ ಹಕ್ಕು. ಇಂದಿರಾನಗರದಲ್ಲಿಯೇ ಇ.ಎಸ್.ಐ. ಆಸ್ಪತ್ರೆಯಿದ್ದರೂ ಚೀಟಿ ಕೇಳಲು ಸಂಕೋಚಪಟ್ಟವನಿಗೆ ಅದರಿಂದ ಪ್ರಯೋಜನವಾಗುವುದಿಲ್ಲ.

ಗಂಡುಮಕ್ಕಳಿಗೆ ಅನ್ನ, ಸಾರು ಮಾಡುವುದನ್ನೂ ಬಟ್ಟೆ ಒಗೆಯುವುದನ್ನೂ ಕಲಿಸಿರಿ. ಇದನ್ನು ಓದಿ ಕೆಲವು ತಂದೆಯರಿಗೆ ನಗು ಬರಬಹುದು. ಹೋಟೆಲಿನ ಊಟಕ್ಕೆ ತಿಂಗಳ ದುಡಿಮೆಯ ಬಹುಭಾಗವನ್ನು ತೆತ್ತು, ಊರಿಗೆ ಬರಿಗೈಯಲ್ಲಿ ಬರುವ ಮಗನನ್ನು ಕಂಡಾಗ ಆ ನಗು ಉಳಿಯಲಾರದು. ಹೆಣ್ಣುಮಕ್ಕಳ ವಿಷಯದಲ್ಲಿ ಕೊರತೆಯು ಬೇರೊಂದು ಬಗೆಯದು. ಅವರನ್ನು ಬ್ಯಾಂಕಿಗೂ ಅಂಗಡಿಗೂ ಕಳುಹಿಸದೆ ಬೆಳೆಸಿ, ಹದಿನೆಂಟು ತುಂಬುತ್ತಲೇ ನರ್ಸಿಂಗ್ ಶಾಲೆಗೋ ಸಿದ್ಧ ಉಡುಪಿನ ಕಾರ್ಖಾನೆಗೋ ಒಂಟಿಯಾಗಿ ಕಳುಹಿಸುತ್ತೇವೆ. ಇಲ್ಲವೇ ಅವಸರದಿಂದ ಮದುವೆ ಮಾಡುತ್ತೇವೆ. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬುವ ಮೊದಲು ವಿವಾಹ ಮಾಡುವುದು ಕಾನೂನಿಗೆ ವಿರುದ್ಧವೆಂಬುದು ನಿಮಗೆ ತಿಳಿದೇ ಇದೆ. ಬ್ಯಾಂಕಿನ ಚೀಟಿಯನ್ನು ತಾನೇ ತುಂಬಲು ಕಲಿತ ಹುಡುಗಿಯು ಗಂಡನ ಮನೆಯಲ್ಲಿಯೂ ಆ ಕೆಲಸವನ್ನು ಮರೆಯುವುದಿಲ್ಲ.

‘ಒಲ್ಲೆ’ ಎನ್ನುವ ಅಭ್ಯಾಸ

ಉದ್ಯೋಗ ಕೊಡಿಸುವೆನೆಂದು ಮುಂಗಡ ಹಣ ಕೇಳುವವರು, ಬರಿಯ ಕಾಗದಕ್ಕೆ ರುಜು ಹಾಕಿಸುವವರು, ಅಂಕಪಟ್ಟಿಯ ಮೂಲಪ್ರತಿಯನ್ನು ಇಟ್ಟುಕೊಳ್ಳುವವರು, ಸಂಜೆಯಾದರೆ ಕುಡಿತಕ್ಕೆ ಕರೆಯುವ ಗೆಳೆಯರು, ಪ್ರೀತಿಯ ಹೆಸರಿನಲ್ಲಿ ಒತ್ತಾಯ ಮಾಡುವವರು ನಗರದಲ್ಲಿ ಎದುರಾಗುತ್ತಾರೆ. ಇವರೆಲ್ಲರಿಗೂ ‘ಒಲ್ಲೆ’ ಎನ್ನಬೇಕೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಮನೆಯಲ್ಲಿ ಹಿರಿಯರಿಗೆ ಒಮ್ಮೆಯೂ ‘ಒಲ್ಲೆ’ ಎನ್ನಲು ಬಿಡದೆ ಬೆಳೆಸಿದ ಮಗುವಿಗೆ ಹೊರಗೆ ಆ ಮಾತು ಎಲ್ಲಿಂದ ಬರಬೇಕು? ವಿನಯವು ಬೇಡವೆಂದು ಇದರ ಅರ್ಥವಲ್ಲ. ಕಾರಣ ಕೊಟ್ಟು, ದನಿಯೇರಿಸದೆ ನಿರಾಕರಿಸಿದ ಮಗುವಿನ ಮಾತಿಗೆ ವಾರಕ್ಕೊಮ್ಮೆಯಾದರೂ ಬೆಲೆ ಕೊಡಿರಿ. ಶಾಲೆಯಲ್ಲಿ ಮಾಡಿಸುವ ಅಭಿನಯವನ್ನು ಮನೆಯಲ್ಲಿಯೂ ಮಾಡಬಹುದು. ತಂದೆಯು ಕೆಲಸ ಕೊಡಿಸುವ ದಲ್ಲಾಳಿಯಾಗಲಿ, ಮಗಳು ಉತ್ತರ ಕೊಡಲಿ. ಉಳಿದವರು ಕೇಳಿ ನಗಲಿ. “ಅಪ್ಪ ಅಮ್ಮನನ್ನು ಕೇಳಿ ನಾಳೆ ಹೇಳುತ್ತೇನೆ” ಎಂಬ ಒಂದು ವಾಕ್ಯವು ನಾಲಗೆಗೆ ಅಭ್ಯಾಸವಾದರೂ ಎಷ್ಟೋ ಅನರ್ಥಗಳು ತಪ್ಪುತ್ತವೆ.

ತಪ್ಪಾದಾಗ

ಇಷ್ಟೆಲ್ಲ ಕಲಿಸಿದರೂ ತಪ್ಪುಗಳು ಆಗಿಯೇ ಆಗುತ್ತವೆ. ಹಣ ಕಳೆದುಹೋಗುತ್ತದೆ, ಪರೀಕ್ಷೆ ತಪ್ಪುತ್ತದೆ, ಕೆಲಸ ಬಿಟ್ಟುಹೋಗುತ್ತದೆ, ನಂಬಿದವರು ಕೈಬಿಡುತ್ತಾರೆ. ಅನೇಕ ವೇಳೆ ತಪ್ಪಿಗಿಂತಲೂ ಅದನ್ನು ಮುಚ್ಚಿಡುವುದರಿಂದಾಗುವ ಹಾನಿಯೇ ದೊಡ್ಡದು. ಮನೆಯಲ್ಲಿ ತಿಳಿದರೆ ಉಳಿಗಾಲವಿಲ್ಲ ಎಂದು ಹೆದರಿದ ಮಗನು ಸಾಲದ ಮೇಲೆ ಸಾಲ ಮಾಡುತ್ತಾನೆ. ಮಗಳು ಯಾರಿಗೂ ಹೇಳದೆ ಒಳಗೇ ಕುದಿಯುತ್ತಾಳೆ, ಕೆಲವೊಮ್ಮೆ ಪ್ರಾಣಕ್ಕೇ ಎರವಾಗುತ್ತಾಳೆ. ಆದುದರಿಂದ ಊರಿನಲ್ಲಿರುವಾಗಲೇ ಸಣ್ಣ ತಪ್ಪುಗಳನ್ನು ಹೇಳಿಕೊಂಡ ಮಗುವನ್ನು ನೀವು ಹೇಗೆ ನಡೆಸಿಕೊಳ್ಳುವಿರೆಂಬುದು ಮುಖ್ಯ. ನೂರು ರೂಪಾಯಿ ಕಳೆದೆನೆಂದು ತಾನಾಗಿ ಬಂದು ಹೇಳಿದವನಿಗೆ ಹೊಡೆದರೆ, ಮುಂದೆ ಹತ್ತು ಸಾವಿರ ಕಳೆದಾಗ ಅವನು ನಿಮ್ಮ ಬಳಿಗೆ ಬರುವುದಿಲ್ಲ. “ಏನೇ ಆದರೂ ಮೊದಲು ಮನೆಗೆ ಬಾ, ಆಮೇಲೆ ಮಾತಾಡೋಣ” ಎಂದು ತಂದೆತಾಯಿ ಇಬ್ಬರೂ, ಬೇರೆಬೇರೆಯಾಗಿ, ಬಾಯಿಬಿಟ್ಟು ಹೇಳಿರಿ. ಮಕ್ಕಳಿಗೆ ಗೊತ್ತೇ ಇದೆಯೆಂದು ಸುಮ್ಮನಿರಬೇಡಿರಿ. ಅನೇಕರಿಗೆ ಗೊತ್ತಿರುವುದಿಲ್ಲ.

ಮಗುವು ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ರೆಗಳನ್ನು ಬಿಟ್ಟರೆ, ಬದುಕಿನಲ್ಲಿ ಬೇಸರವೆಂದು ಮಾತನಾಡಿದರೆ, ದೆವ್ವ ದಿಷ್ಟಿಯೆಂದು ಕಾಲ ಕಳೆಯದೆ ವೈದ್ಯರ ಸಲಹೆ ಪಡೆಯಿರಿ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮುಟ್ಟು, ರಕ್ತಹೀನತೆ, ದೇಹದ ಬದಲಾವಣೆ, ಮನಸ್ಸಿನ ಕಳವಳ ಇವುಗಳ ಬಗ್ಗೆ ಅಲ್ಲಿ ಗುಟ್ಟಾಗಿ ಕೇಳಿ ತಿಳಿಯಬಹುದು. ನಿಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೆ ಸಮೀಪದ ಕೇಂದ್ರವು ಯಾವುದೆಂದು ತಿಳಿಸುತ್ತಾರೆ. ಮನಸ್ಸಿನ ತೊಂದರೆಗೆ ಹಗಲುರಾತ್ರಿ ಉಚಿತವಾಗಿ ಸಲಹೆ ನೀಡುವ ಟೆಲಿ-ಮಾನಸ್ ದೂರವಾಣಿ ಸಂಖ್ಯೆ 14416. ಸಂಕಟದಲ್ಲಿರುವ, 18 ವರ್ಷದೊಳಗಿನ ಮಕ್ಕಳಿಗಾಗಿ 1098. ಈ ಎರಡು ಸಂಖ್ಯೆಗಳನ್ನೂ ಮನೆಯ ಸಂಖ್ಯೆಯನ್ನೂ ಮಗುವು ತನ್ನ ಕೈಯಾರೆ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ. ಮೊಬೈಲು ಕಳೆದ ದಿನ ಅದು ಬೇಕಾಗುತ್ತದೆ.